ಮರಣ ನಿಧಿಗೆ ಕಾಯ್ದೆ: ಮತ ಹಾಕಿ ತೀರ್ಮಾನಿಸೋದು ಯಾವುದನ್ನು?

(ಸಂಘದ ಮಾಸಿಕ ಸಭೆಯಲ್ಲಿ ಓದಿ ಚರ್ಚಿಸಲು)



ಸದಸ್ಯೆಯೊಬ್ಬರು ತೀರಿಹೋದರೆ ಉಳಿದವರೆಲ್ಲ ತಲಾ ಇಷ್ಟು ಅಂತ ಹಾಕಿ ಆ ಮನೆಗೆ ಕೊಡುವ ಪದ್ಧತಿ ನಮ್ಮ ಕೆಲವು ಸಂಘಗಳಲ್ಲಿ ಉಂಟು. ಕೆಲವರು ಅದಕ್ಕೆ ಮರಣ ನಿಧಿ ಅನ್ನುತ್ತಾರೆ. ಇನ್ನು ಕೆಲವರಲ್ಲಿ ಅದಕ್ಕೆ ಹೆಸರೂ ಇಲ್ಲ, ಠರಾವು ಪುಸ್ತಕದಲ್ಲಿ ಒಂದು ಸಾಲು ಬಿಟ್ಟರೆ ಬರಹವೂ ಇಲ್ಲ. ಇದು ಒಳ್ಳೆಯ ಪದ್ಧತಿ. ಆದರೆ ಈ ನಿಧಿಯ ನಿಯಮ ಮಾಡಬೇಕಾದವರು ಯಾರು, ಸರ್ಕಾರವೋ ಸದಸ್ಯರೋ ಅಂತ ಕೇಳಿದರೆ ಹೆಚ್ಚಿನವರು ಕೂಡಲೇ ಹೇಳುವುದು, "ನಮ್ಮ ದುಡ್ಡು, ನಾವೇ ಕೈ ಎತ್ತಿ ತೀರ್ಮಾನ ಮಾಡ್ತೇವೆ" ಅಂತ. ಈ ಉತ್ತರ ಅರ್ಧ ಸರಿ. ಉಳಿದ ಅರ್ಧ ಯಾಕೆ ಸರಿಯಲ್ಲ ಅನ್ನೋದನ್ನು ತಿಳಿಯಲು ಈ ಸಲ ಅಮೆರಿಕ ದೇಶದ ಅನುಭವವನ್ನು ನೋಡೋಣ. ಇದೇ ಪದ್ಧತಿ ಅಲ್ಲಿ ನಮ್ಮ ಸಂಘಗಳಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಬಹಳ ದೊಡ್ಡದಾಗಿ ಬೆಳೆದಿತ್ತು. ಜನರೇ ಕಾಯ್ದೆಯ ಕರಡು ಬರೆದು, ಜನರೇ ಮತ ಹಾಕಿ ಕಾಯ್ದೆ ಮಾಡುವ ದಾರಿಯೂ ಆ ದೇಶದ ಹಲವು ರಾಜ್ಯಗಳಲ್ಲಿದೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಕಲಿಯಲು ಬೇಕಾದಷ್ಟಿದೆ.

ಅಲ್ಲಿ ಇಂಥ ಸಂಘಗಳಿಗೆ ಫ್ರೆಟರ್ನಲ್ ಬೆನಿಫಿಟ್ ಸೊಸೈಟಿ ಅನ್ನುತ್ತಾರೆ. ಸೋದರ ಸಹಾಯ ಸಂಘ ಅಂತ ನಾವು ಕರೆಯೋಣ. 1868ರಲ್ಲಿ ಪೆನ್ಸಿಲ್ವೇನಿಯ ರಾಜ್ಯದ ಮೀಡ್‌ವಿಲ್ ಎಂಬ ಊರಲ್ಲಿ ಜಾನ್ ಜೋರ್ಡನ್ ಅಪ್‌ಚರ್ಚ್ ಎಂಬ ರೈಲ್ವೆ ಕೆಲಸಗಾರ 'ಏನ್ಶಿಯೆಂಟ್ ಆರ್ಡರ್ ಆಫ್ ಯುನೈಟೆಡ್ ವರ್ಕ್‌ಮೆನ್' ಎಂಬ ಸಂಘ ಕಟ್ಟಿದ. ಸದಸ್ಯನೊಬ್ಬ ಸತ್ತರೆ ಉಳಿದವರು ತಲಾ 1 ಡಾಲರ್ ಹಾಕಬೇಕು, ಆ ಹಣ ವಿಧವೆಗೆ. ಇಪ್ಪತ್ತೈದು ವರ್ಷದವನಿಗೂ 1 ಡಾಲರ್, ಐವತ್ತೈದು ವರ್ಷದವನಿಗೂ 1 ಡಾಲರ್. ಮುಂದೆ ಈ ಸಂಘ ಒಂದು ಕುಟುಂಬಕ್ಕೆ 2,000 ಡಾಲರ್ ಕೊಡುವ ಮಟ್ಟಕ್ಕೆ ಬೆಳೆಯಿತು. ಇದನ್ನು ನೋಡಿ ನೂರಾರು ಸಂಘಗಳು ಹುಟ್ಟಿದವು. 1882ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್ ನಗರದಲ್ಲಿ ಫಾದರ್ ಮೈಕಲ್ ಮೆಕ್‌ಗಿವ್ನಿ ಸ್ಥಾಪಿಸಿದ ನೈಟ್ಸ್ ಆಫ್ ಕೊಲಂಬಸ್ ಕೂಡ ಇದೇ ಜಾತಿಯದು. ದುಡಿಯುವ ಗಂಡಸು ಸತ್ತರೆ ಆ ಬಡ ಕುಟುಂಬ ಬೀದಿಗೆ ಬೀಳಬಾರದು ಅನ್ನೋದು ಅದರ ಮೊದಲ ಉದ್ದೇಶಗಳಲ್ಲಿ ಒಂದು. ಮಿಶಿಗನ್ ರಾಜ್ಯದಲ್ಲಿ ಬೈನಾ ವೆಸ್ಟ್ ಎಂಬ ಶಾಲಾ ಶಿಕ್ಷಕಿ 1892ರಲ್ಲಿ ಮಹಿಳೆಯರೇ ನಡೆಸುವ ಇಂಥ ಸಂಘವೊಂದನ್ನು ಕಟ್ಟಿದರು. ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ಮತ ಹಾಕುವ ಹಕ್ಕೇ ಇಲ್ಲದ ರಾಜ್ಯಗಳೇ ಹೆಚ್ಚಿದ್ದ ಕಾಲ ಅದು. ಅಂಥ ಕಾಲದಲ್ಲಿ ಹೆಂಗಸರು ತಮ್ಮ ಸಂಘದೊಳಗೆ ಮತ ಹಾಕಿ ಪದಾಧಿಕಾರಿಗಳನ್ನು ಆರಿಸುತ್ತಿದ್ದರು, ಲೆಕ್ಕ ಒಪ್ಪಿಸುತ್ತಿದ್ದರು. ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ವಯಸ್ಕ ಗಂಡಸರಲ್ಲಿ ಮೂವರಿಗೆ ಒಬ್ಬರು ಏನಾದರೊಂದು ಸೋದರ ಸಂಘದಲ್ಲಿದ್ದರು ಎಂದು ಇತಿಹಾಸಕಾರ ಡೇವಿಡ್ ಬೈಟೊ ಅಂದಾಜು ಮಾಡಿದ್ದಾರೆ.

ಇಷ್ಟು ದೊಡ್ಡದಾಗಿ ಬೆಳೆದದ್ದು ಎಡವಿದ್ದು ಎಲ್ಲಿ? ಸರಳ ಲೆಕ್ಕದಲ್ಲಿ. ಸಭೆಯಲ್ಲಿ ಕಪ್ಪು ಹಲಗೆ ಇದ್ದರೆ ಈ ಭಾಗವನ್ನು ದಯವಿಟ್ಟು ಬರೆದು ತೋರಿಸಿ.

ಒಂದು ಒಕ್ಕೂಟದಲ್ಲಿ 1,000 ಸದಸ್ಯರು ಇದ್ದಾರೆ ಎಂದುಕೊಳ್ಳಿ. ಒಂದು ಸಾವಿಗೆ ತಲಾ 10 ರೂಪಾಯಿ. ಮನೆಯವರಿಗೆ 10,000 ರೂಪಾಯಿ ಸಿಗುತ್ತದೆ. ಸದಸ್ಯರೆಲ್ಲ ಪ್ರಾಯದವರು, ವರ್ಷಕ್ಕೆ 5 ಸಾವು ಅಂತ ಇಟ್ಟುಕೊಳ್ಳೋಣ. ಒಬ್ಬರ ಖರ್ಚು ವರ್ಷಕ್ಕೆ 50 ರೂಪಾಯಿ. ಯಾರಿಗೂ ಭಾರ ಅಲ್ಲ. ಇಪ್ಪತ್ತೈದು ವರ್ಷ ಕಳೆಯಿತು, ಅದೇ ಸದಸ್ಯರಿಗೆ ವಯಸ್ಸಾಯಿತು, ಈಗ ವರ್ಷಕ್ಕೆ 20 ಸಾವು. ಒಬ್ಬರ ಖರ್ಚು 200 ರೂಪಾಯಿ. ಆಗ ಪಕ್ಕದಲ್ಲಿ ಹೊಸ ಒಕ್ಕೂಟ ಶುರುವಾಗುತ್ತದೆ, ಅಲ್ಲಿ ಎಲ್ಲರೂ ಎಳೆಯರು, ವರ್ಷಕ್ಕೆ 50 ರೂಪಾಯಿ ಸಾಕು. ನಮ್ಮ ಎಳೆಯ ಸದಸ್ಯರು, "ಇಲ್ಲಿ ಯಾಕೆ 200 ಕೊಡಬೇಕು?" ಅಂತ ಅತ್ತ ಹೋಗುತ್ತಾರೆ. 600 ಮಂದಿ ಉಳಿದರು. ಹೋದವರು ಪ್ರಾಯದವರು, ಆದ್ದರಿಂದ ಸಾವು ಹೆಚ್ಚುಕಡಿಮೆ 20 ಆಗಿಯೇ ಉಳಿಯುತ್ತದೆ. ಈಗ 10,000 ಕೊಡಬೇಕಾದರೆ ಒಂದು ಸಾವಿಗೆ ತಲಾ 17 ರೂಪಾಯಿಯ ಹತ್ತಿರ, ವರ್ಷಕ್ಕೆ 330ಕ್ಕೂ ಮಿಕ್ಕಿ. ಇನ್ನಷ್ಟು ಮಂದಿ ಬಿಡುತ್ತಾರೆ. ಕೊನೆಗೆ ಉಳಿಯುವವರು ಮೊದಲ ದಿನದಿಂದ ತಪ್ಪದೆ ಹಣ ಕಟ್ಟಿದ ಮುದುಕಿಯರು. ತಮ್ಮ ಸರದಿ ಬಂದಾಗ ಕೊಡಲು ಅಲ್ಲಿ ಯಾರೂ ಇರುವುದಿಲ್ಲ.

ಯಾರೂ ಕದ್ದಿಲ್ಲ, ಯಾರೂ ಮೋಸ ಮಾಡಿಲ್ಲ ಅನ್ನೋದನ್ನು ಗಮನಿಸಿ. ಲೆಕ್ಕ ಪುಸ್ತಕ ಪೈಸೆ ಪೈಸೆಗೂ ಸರಿಯಾಗಿದೆ. ಆದರೂ ನಿಧಿ ಮುಳುಗಿತು.

ಅಮೆರಿಕದ ಸಂಘಗಳಲ್ಲಿ ಆಗ ಒಂದು ವಾದ ಇತ್ತು: ಪ್ರತಿ ವರ್ಷ ಹೊಸ ರಕ್ತ ಸೇರುತ್ತಾ ಇದ್ದರೆ ಸರಾಸರಿ ವಯಸ್ಸು ಏರುವುದೇ ಇಲ್ಲ, ನಿಧಿಗೆ ಭಯವಿಲ್ಲ ಅಂತ. ಕೇಳಲು ಚೆಂದ. ಆದರೆ ಹೊಸಬರು ಎಲ್ಲಿ ಅಗ್ಗವೋ ಅಲ್ಲಿಗೇ ಹೋಗುತ್ತಾರೆ. ಇದಕ್ಕೆ ಪರಿಹಾರ ಒಂದೇ. ಸೇರುವಾಗಿನ ವಯಸ್ಸಿಗೆ ತಕ್ಕ ದರ ಇಡಬೇಕು, ಪ್ರಾಯದಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಕಟ್ಟಿಸಿಕೊಳ್ಳಬೇಕು, ಆ ಹೆಚ್ಚಿನ ಹಣವನ್ನು ಮೀಸಲು ನಿಧಿಯಾಗಿ ಮುಟ್ಟದೆ ಇಡಬೇಕು. ಸಂಘಗಳ ಮುಖಂಡರಿಗೆ ಇದು ಗೊತ್ತಾಗಲು ತಡ ಆಗಲಿಲ್ಲ. 1886ರಲ್ಲಿ ಅವರು ನ್ಯಾಷನಲ್ ಫ್ರೆಟರ್ನಲ್ ಕಾಂಗ್ರೆಸ್ ಎಂಬ ಒಕ್ಕೂಟ ಕಟ್ಟಿಕೊಂಡರು, ಆ ಶತಮಾನ ಮುಗಿಯುವುದರೊಳಗೆ ಯಾವ ವಯಸ್ಸಿನಲ್ಲಿ ಎಷ್ಟು ಸಾವು ಎಂಬ ಕೋಷ್ಟಕವನ್ನೂ ಮಾಡಿದರು. ಕಷ್ಟ ಇದ್ದದ್ದು ಸದಸ್ಯರನ್ನು ಒಪ್ಪಿಸುವುದರಲ್ಲಿ.

ಮಾಡರ್ನ್ ವುಡ್‌ಮೆನ್ ಆಫ್ ಅಮೆರಿಕ ಎಂಬ ಸಂಘದ ಉದಾಹರಣೆ ನೋಡಿ. 1883ರಲ್ಲಿ ಶುರುವಾಗಿ ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರನ್ನು ಪಡೆದ ಸಂಘ ಅದು. 1912ರಲ್ಲಿ ಚಿಕಾಗೋದಲ್ಲಿ ಸೇರಿದ ಅದರ ಪ್ರತಿನಿಧಿ ಸಭೆ ವಯಸ್ಸಿಗೆ ತಕ್ಕಂತೆ ದರ ಏರಿಸಲು ತೀರ್ಮಾನಿಸಿತು. ಊರೂರಲ್ಲಿ ಸದಸ್ಯರು ಎದ್ದು ನಿಂತರು, ಕೋರ್ಟಿಗೂ ಹೋದರು. ದರ ಏರಿಕೆ ನಿಂತುಹೋಯಿತು. ಜನ ಗೆದ್ದರು ಅಂತ ಆವತ್ತು ಸಂತೋಷ ಆಗಿರಬೇಕು. ಆದರೆ ಮುಂದಿನ ವರ್ಷಗಳಲ್ಲಿ ದರ ಏರಿಸಲೇಬೇಕಾಯಿತು. ತಡವಾದ ವರ್ಷಗಳ ಭಾರ ಬಿದ್ದದ್ದು ಆಮೇಲೆ ಉಳಿದವರ ಮೇಲೆ.

ಮುದುಕರ ಸಿಟ್ಟು ಬರೀ ಹಠ ಅಂತ ನಾವು ಹೇಳುವುದಿಲ್ಲ. ಮೂವತ್ತನೇ ವಯಸ್ಸಿನಲ್ಲಿ ಸೇರಿದವನಿಗೆ "ಇಷ್ಟೇ ಕಟ್ಟಿದರೆ ಸಾಕು" ಅಂತ ಹೇಳಿ ಸೇರಿಸಿಕೊಂಡು, ಐವತ್ತೈದಾದಾಗ "ಈಗ ಮೂರು ಪಟ್ಟು ಕಟ್ಟು, ಇಲ್ಲದಿದ್ದರೆ ಬಿಡು" ಅಂದರೆ ಅವನು ಎಲ್ಲಿಗೆ ಹೋಗಬೇಕು? ಆ ವಯಸ್ಸಿನಲ್ಲಿ ಬೇರೆ ಯಾವ ಕಂಪನಿಯೂ ಅವನನ್ನು ಸೇರಿಸಿಕೊಳ್ಳದು. 1877ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ರಾಯಲ್ ಆರ್ಕೇನಮ್ ಎಂಬ ಸಂಘ 1905ರಲ್ಲಿ ದರ ಏರಿಸಿದಾಗ ನ್ಯೂಯಾರ್ಕ್‌ನ ಹಳೆಯ ಸದಸ್ಯರೊಬ್ಬರು ಇದೇ ಮಾತು ಹಿಡಿದು ಕೋರ್ಟಿಗೆ ಹೋದರು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. 1915ರಲ್ಲಿ ತೀರ್ಪು ಸಂಘದ ಪರ ಬಂತು. ಎಲ್ಲ ರಾಜ್ಯಗಳ ಸದಸ್ಯರಿಗೂ ನಿಧಿ ಒಂದೇ, ಒಬ್ಬೊಬ್ಬ ಸದಸ್ಯನಿಗೆ ಅವನವನ ರಾಜ್ಯದ ಕಾನೂನಿನಂತೆ ಒಂದೊಂದು ದರ ಅಂದರೆ ಆ ಸಾಮಾನ್ಯ ನಿಧಿ ನಡೆಯಲಾರದು, ಸಂಘ ನೋಂದಣಿಯಾದ ರಾಜ್ಯದ ಕಾನೂನೇ ಎಲ್ಲರಿಗೂ ಅನ್ವಯ ಅಂತ ಕೋರ್ಟ್ ಹೇಳಿತು. ಕಾನೂನಿನ ದೃಷ್ಟಿಯಿಂದ ಸರಿಯೇ. ಆದರೂ ಮೊದಲ ದಿನವೇ ಸತ್ಯ ಹೇಳದೆ ಸೇರಿಸಿಕೊಂಡದ್ದು ನ್ಯಾಯ ಅಂತ ನಮಗೆ ಅನ್ನಿಸುವುದಿಲ್ಲ.

ಇಲ್ಲಿಗೆ ಕಾಯ್ದೆಯ ಮಾತು ಬರುತ್ತದೆ. 1910ರಲ್ಲಿ ಅಲಬಾಮ ರಾಜ್ಯದ ಮೊಬೀಲ್ ನಗರದಲ್ಲಿ ರಾಜ್ಯಗಳ ವಿಮಾ ಆಯುಕ್ತರೂ ಸೋದರ ಸಂಘಗಳ ಮುಖಂಡರೂ ಕೂತು ಒಂದು ಮಾದರಿ ಮಸೂದೆ ಒಪ್ಪಿದರು. ಊರಿನ ಹೆಸರಿನಿಂದಲೇ ಅದು ಮೊಬೀಲ್ ಮಸೂದೆ. ಲಾಭಕ್ಕಾಗಿ ನಡೆಯಬಾರದು, ಶಾಖೆಗಳು ಇರಬೇಕು, ಪದಾಧಿಕಾರಿಗಳನ್ನು ಸದಸ್ಯರ ಪ್ರತಿನಿಧಿಗಳು ಆರಿಸಬೇಕು, ನಿಧಿಯ ಮೌಲ್ಯಮಾಪನ ಮಾಡಿಸಿ ವರದಿ ಕೊಡಬೇಕು, ಹೊಸ ಸಂಘಗಳು ಆ ಕೋಷ್ಟಕಕ್ಕಿಂತ ಕಡಿಮೆ ದರ ಇಡಬಾರದು, ಹೀಗೆ ಅದರ ಸಾರ. ಸಂಘಕ್ಕೆ ಸ್ವಂತ ಆಚರಣೆ ವಿಧಿಗಳು ಇರಬೇಕು ಅಂತಲೂ ಅದರಲ್ಲಿತ್ತು. ನಗು ಬರಬಹುದು, ಆದರೆ ಬರೀ ಪಾಲಿಸಿ ಮಾರುವ ಅಂಗಡಿಗಳು ಸಂಘದ ಹೆಸರು ಹಾಕಿಕೊಳ್ಳಬಾರದು ಅನ್ನೋದು ಅದರ ಉದ್ದೇಶ. 1912ರಲ್ಲಿ ಇದನ್ನು ಇನ್ನಷ್ಟು ಬಿಗಿ ಮಾಡಿದ ನ್ಯೂಯಾರ್ಕ್ ಸಮ್ಮೇಳನದ ಮಸೂದೆ ಬಂತು. ಇವನ್ನು ರಾಜ್ಯಗಳ ಶಾಸಕಾಂಗಗಳು ಒಂದೊಂದಾಗಿ ಅಂಗೀಕರಿಸಿದವು. ದೊಡ್ಡ ವಿಮಾ ಕಂಪನಿಗಳು ತಮ್ಮ ಪೈಪೋಟಿಗೆ ಬಂದವರನ್ನು ಕಟ್ಟಿಹಾಕಲು ಇಂಥ ಕಾಯ್ದೆ ತರಿಸುತ್ತಿವೆ ಅಂತ ಅನೇಕ ಸದಸ್ಯರಿಗೆ ಅನುಮಾನ ಇತ್ತು. 1905ರ ತನಿಖೆಯಲ್ಲಿ ನ್ಯೂಯಾರ್ಕಿನ ದೊಡ್ಡ ಕಂಪನಿಗಳ ಹುಳುಕು ಹೊರಬಿದ್ದದ್ದನ್ನು ನೋಡಿದವರಿಗೆ ಆ ಅನುಮಾನ ಬಂದದ್ದು ಆಶ್ಚರ್ಯವಲ್ಲ.

ಹಾಗಾದರೆ ಜನರೇ ಕಾಯ್ದೆ ಬರೆದರೆ? ಅದಕ್ಕೂ ಅಲ್ಲಿ ದಾರಿ ಇದೆ, ಇನಿಷಿಯೇಟಿವ್ ಅಂತ ಅದರ ಹೆಸರು. 1898ರಲ್ಲಿ ಸೌತ್ ಡಕೋಟ ರಾಜ್ಯ ಮೊದಲು ಇದನ್ನು ತನ್ನ ಸಂವಿಧಾನಕ್ಕೆ ಸೇರಿಸಿತು. 1902ರಲ್ಲಿ ಒರೆಗಾನ್ ಸೇರಿಸಿ 1904ರಿಂದ ಬಳಸಲು ತೊಡಗಿತು. ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದೆ. ನಾಗರಿಕರು ಕರಡು ಬರೆಯುತ್ತಾರೆ, ನಿಗದಿಯಾದಷ್ಟು ಮತದಾರರ ಸಹಿ ಸಂಗ್ರಹಿಸುತ್ತಾರೆ, ಸಹಿಗಳ ಪರಿಶೀಲನೆ ಆದ ಮೇಲೆ ಪ್ರಶ್ನೆ ಮತಪತ್ರದಲ್ಲಿ ಬರುತ್ತದೆ, ಜನ ಹೌದು ಅಥವಾ ಇಲ್ಲ ಅಂತ ಮತ ಹಾಕುತ್ತಾರೆ. ಬಹುಮತ ಬಂದರೆ ಅದೇ ಕಾಯ್ದೆ. 1912ರಲ್ಲಿ ಒರೆಗಾನ್‌ನ ಮತದಾರರ ಮುಂದೆ ಒಂದೇ ಚುನಾವಣೆಯಲ್ಲಿ 37 ಪ್ರಶ್ನೆಗಳಿದ್ದವು! ನಮ್ಮ ಸಂವಿಧಾನದಲ್ಲಿ ರಾಜ್ಯದ ಕಾಯ್ದೆ ಮಾಡಲು ಇಂಥ ದಾರಿ ಇಲ್ಲ. ಜನ ನೇರವಾಗಿ ಕೂತು ತೀರ್ಮಾನಿಸುವ ಜಾಗ ನಮ್ಮಲ್ಲಿ ಗ್ರಾಮಸಭೆ, ಮತ್ತು ನಮ್ಮ ಸಂಘದ ಸಭೆ.

ವಿಮೆಯಂಥ ಲೆಕ್ಕದ ವಿಷಯ ಜನಮತಕ್ಕೆ ಬಂದರೆ ಏನಾಗುತ್ತದೆ ಅನ್ನೋದಕ್ಕೆ ಒಳ್ಳೆಯ ಉದಾಹರಣೆ ಕ್ಯಾಲಿಫೋರ್ನಿಯದ 103ನೇ ಪ್ರಸ್ತಾವ. ಅದು ಸೋದರ ಸಂಘಗಳ ಕುರಿತಾದದ್ದಲ್ಲ, ವಾಹನ ವಿಮೆಯಂಥವುಗಳ ಕುರಿತು. ಆದರೂ ಪಾಠ ಒಂದೇ. ವಾಹನ ವಿಮೆಯ ದರ ಏರಿ ಏರಿ ಜನ ರೋಸಿಹೋಗಿದ್ದರು. ಹಾರ್ವಿ ರೋಸೆನ್‌ಫೀಲ್ಡ್ ಎಂಬ ವಕೀಲರ ಮುಂದಾಳತ್ವದಲ್ಲಿ ಗ್ರಾಹಕರು ಕರಡು ಬರೆದು ಸಹಿ ಸಂಗ್ರಹಿಸಿದರು. 1988ರ ನವೆಂಬರಿನ ಮತಪತ್ರದಲ್ಲಿ ವಿಮೆಯ ಬಗ್ಗೆಯೇ ಐದು ಬೇರೆ ಬೇರೆ ಪ್ರಸ್ತಾವಗಳಿದ್ದವು. ವಿಮಾ ಕಂಪನಿಗಳು ಪ್ರಚಾರಕ್ಕೆ 6 ಕೋಟಿ ಡಾಲರಿಗೂ ಹೆಚ್ಚು ಸುರಿದವು. ಆದರೂ ಗೆದ್ದದ್ದು 103 ಮಾತ್ರ, ಅದೂ ಸುಮಾರು ಶೇಕಡ 51 ಮತದಿಂದ.

ಆ ಪ್ರಸ್ತಾವದಲ್ಲಿ ಎರಡು ತರಹದ ಮಾತುಗಳಿದ್ದವು. ಒಂದು, ದರ ಏರಿಸುವ ಮೊದಲು ಕಂಪನಿ ಲೆಕ್ಕ ತೋರಿಸಿ ಒಪ್ಪಿಗೆ ಪಡೆಯಬೇಕು, ಆ ಲೆಕ್ಕವನ್ನು ಸಾರ್ವಜನಿಕರೂ ಪ್ರಶ್ನಿಸಬಹುದು, ವಿಮಾ ಆಯುಕ್ತರನ್ನು ಜನರೇ ಚುನಾಯಿಸಬೇಕು. ಇನ್ನೊಂದು, ದರವನ್ನು ಕೂಡಲೇ ಶೇಕಡ 20ರಷ್ಟು ಇಳಿಸಬೇಕು, ದಿವಾಳಿಯಾಗುವ ಹಂತಕ್ಕೆ ಬಂದ ಕಂಪನಿಗೆ ಮಾತ್ರ ವಿನಾಯಿತಿ. 1989ರಲ್ಲಿ ಕ್ಯಾಲಿಫೋರ್ನಿಯ ಸುಪ್ರೀಂ ಕೋರ್ಟ್ ಪ್ರಸ್ತಾವದ ಹೆಚ್ಚಿನ ಭಾಗವನ್ನು ಎತ್ತಿಹಿಡಿಯಿತು. ಆದರೆ ದಿವಾಳಿಯ ಆ ಷರತ್ತನ್ನು ತೆಗೆದು, ಕಂಪನಿಗೆ ನ್ಯಾಯವಾದ ಆದಾಯ ಉಳಿಯಬೇಕು ಅಂತ ಹೇಳಿತು. ಯಾರಿಗೆ ಎಷ್ಟು ಇಳಿಕೆ, ಎಷ್ಟು ಹಣ ವಾಪಸ್ ಅನ್ನೋ ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಲೆಕ್ಕ ತೋರಿಸುವ ನಿಯಮ ಮತ್ತು ಚುನಾಯಿತ ಆಯುಕ್ತರ ನಿಯಮ ಮಾತ್ರ ಇವತ್ತಿನ ತನಕ ನಡೆಯುತ್ತಿದೆ.

ನಮಗೆ ಇಲ್ಲಿ ಕಾಣುವುದು ಏನು? ಯಾರು ಯಾರಿಗೆ ಉತ್ತರ ಕೊಡಬೇಕು, ಪುಸ್ತಕ ಯಾರ ಮುಂದೆ ತೆರೆಯಬೇಕು ಅನ್ನೋದನ್ನು ಜನ ಮತ ಹಾಕಿ ತೀರ್ಮಾನಿಸಬಹುದು, ತೀರ್ಮಾನಿಸಲೇಬೇಕು. ದರ ಎಷ್ಟು ಅನ್ನೋ ಅಂಕಿಯನ್ನು ಮತದಲ್ಲಿ ಬರೆದರೆ ಅದು ನಿಲ್ಲುವುದು ಕಷ್ಟ. ಎಷ್ಟು ಮಂದಿ ಸಾಯುತ್ತಾರೆ ಅನ್ನೋದು ನಮ್ಮ ಬಹುಮತ ಕೇಳಿಕೊಂಡು ನಡೆಯುವುದಿಲ್ಲ. ಅಷ್ಟೇ ಅಲ್ಲ, ಅಂಕಿ ಹಳತಾಗುತ್ತದೆ. ಜನರ ಆಯುಸ್ಸು ಬದಲಾಗುತ್ತದೆ, ಕೋಷ್ಟಕವನ್ನೂ ಆಗಾಗ ಬದಲಿಸಬೇಕು. ಆದರೆ ಕ್ಯಾಲಿಫೋರ್ನಿಯದಲ್ಲಿ ಜನಮತದಿಂದ ಬಂದ ಕಾಯ್ದೆಯನ್ನು, ಅದರಲ್ಲೇ ಅವಕಾಶ ಬರೆದಿಲ್ಲದಿದ್ದರೆ, ಶಾಸಕಾಂಗ ತಾನಾಗಿ ತಿದ್ದುವ ಹಾಗಿಲ್ಲ. ಪುನಃ ಜನರ ಮುಂದೆಯೇ ಹೋಗಬೇಕು. ಆದ್ದರಿಂದ ಸೋದರ ಸಂಘಗಳ ಬಗ್ಗೆ ಯಾರಾದರೂ ಸಹಿ ಸಂಗ್ರಹಿಸಲು ಹೊರಟರೆ, ಇಷ್ಟು ಡಾಲರ್ ಅಂತ ಬರೆಯುವ ಬದಲು, ಗೊತ್ತಿದ್ದ ಲೆಕ್ಕಿಗರಿಂದ ವರ್ಷ ವರ್ಷ ಮೌಲ್ಯಮಾಪನ ಮಾಡಿಸಿ ಅದನ್ನು ಪ್ರತಿ ಸದಸ್ಯರಿಗೂ ಓದಿ ಹೇಳಬೇಕು ಅಂತ ಬರೆಯೋದು ಉಚಿತ.

ಪುಸ್ತಕ ತೆರೆದಿಡದಿದ್ದರೆ ಏನಾಗುತ್ತದೆ ಅನ್ನೋದಕ್ಕೂ ಅಲ್ಲಿ ದುಃಖದ ಕಥೆ ಇದೆ. ಬಿಳಿಯರ ಹೆಚ್ಚಿನ ಸಂಘಗಳು ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಗುಲಾಮಗಿರಿಯಲ್ಲಿ ಹುಟ್ಟಿದ ವಿಲಿಯಂ ವಾಷಿಂಗ್ಟನ್ ಬ್ರೌನ್ ಎಂಬವರು ವರ್ಜೀನಿಯದ ರಿಚ್ಮಂಡ್‌ನಲ್ಲಿ 'ಟ್ರೂ ರಿಫಾರ್ಮರ್ಸ್' ಸಂಘವನ್ನು ಬೆಳೆಸಿದರು. 1889ರಲ್ಲಿ ಅದರ ಸ್ವಂತ ಬ್ಯಾಂಕ್ ಬಾಗಿಲು ತೆರೆಯಿತು. ಬಡ ಅಗಸಗಿತ್ತಿಯರು, ಮನೆಗೆಲಸದವರು ಇಟ್ಟ ಹಣ ಅದು. ಬ್ರೌನ್ ತೀರಿಹೋದ ಮೇಲೆ ಸಾಕಷ್ಟು ಆಧಾರವಿಲ್ಲದೆ ಸಾಲ ಹೋಯಿತು, ಹಣದ ದುರುಪಯೋಗವೂ ಆಯಿತು, 1910ರಲ್ಲಿ ಬ್ಯಾಂಕ್ ಮುಚ್ಚಿತು. ಮೇಲೆ ಹೇಳಿದ ವಯಸ್ಸಿನ ಲೆಕ್ಕ ಸರಿಯಿದ್ದರೂ ಇಂಥದ್ದನ್ನು ತಡೆಯದು. ಇದನ್ನು ತಡೆಯಲು ಸದಸ್ಯರ ಕಣ್ಣೇ ಬೇಕು.

ನಮ್ಮ ದೇಶದಲ್ಲೂ ಈ ಸಮಸ್ಯೆ ಹೊಸತಲ್ಲ. ಬ್ರಿಟಿಷರ ಕಾಲದಲ್ಲಿ ಇಂಥ ಸಣ್ಣ ಸಣ್ಣ ಪ್ರಾವಿಡೆಂಟ್ ಸೊಸೈಟಿಗಳಿಗಾಗಿಯೇ 1912ರಲ್ಲಿ ಒಂದು ಕಾಯ್ದೆ ಬಂತು. 1938ರ ವಿಮಾ ಕಾಯ್ದೆ ತನ್ನ 52ನೇ ಕಲಮಿನಲ್ಲಿ, ಬಂದ ಹಣವನ್ನು ಸತ್ತವರ ಲೆಕ್ಕದಲ್ಲಿ ಹಂಚುವ, ಅಂದರೆ ಕೊಡುವ ಮೊತ್ತ ಮೊದಲೇ ನಿಗದಿ ಇಲ್ಲದ ವಿಮಾ ವ್ಯವಹಾರವನ್ನು ಹೊಸದಾಗಿ ಶುರು ಮಾಡದಂತೆ ವಿಮಾದಾರರಿಗೆ ತಡೆ ಹಾಕಿತು. ಮೇಲಿನ ಲೆಕ್ಕ ಓದಿದ ಮೇಲೆ ಆ ತಡೆ ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ ನಮ್ಮಲ್ಲಿ ಹಲವರಿಗೆ ಗೊತ್ತು. 2015ರಲ್ಲಿ ಶುರುವಾದಾಗ ವರ್ಷಕ್ಕೆ 330 ರೂಪಾಯಿ, 2022ರ ಜೂನ್ 1ರಿಂದ 436 ರೂಪಾಯಿ, 2 ಲಕ್ಷದ ರಕ್ಷಣೆ. ಏರಿಸಿದಾಗ, "ಯಾಕಪ್ಪಾ ಏರಿಸಿದರು?" ಅಂತ ಜನ ಕೇಳಿದ್ದು ಸಹಜ. ಬಂದ ಪ್ರೀಮಿಯಂ ಕೊಡಬೇಕಾದ ಕ್ಲೇಮಿಗೆ ಸಾಲದಿದ್ದರೆ ಏರಿಸದೆ ದಾರಿಯಿಲ್ಲ. ಇದರಲ್ಲೂ 50 ವರ್ಷದೊಳಗೆ ಸೇರಬೇಕು, 55ಕ್ಕೆ ರಕ್ಷಣೆ ಮುಗಿಯುತ್ತದೆ. ಅಂದರೆ ಸಾವು ಹೆಚ್ಚುವ ವಯಸ್ಸನ್ನು ಹೊರಗಿಟ್ಟೇ ಎಲ್ಲರಿಗೂ ಒಂದೇ ದರ ಇಡಲು ಸಾಧ್ಯವಾಗಿದೆ. ಹೊರಗುಳಿದ ಅಜ್ಜಿಯರಿಗೆ ಏನು ಅನ್ನೋದು ನಮ್ಮ ಸಂಘಗಳ ಮುಂದಿರುವ ಪ್ರಶ್ನೆಯೇ. ಮರಣ ನಿಧಿಯನ್ನು ನಿಲ್ಲಿಸಿ ಅಂತ ನಾವು ಹೇಳುತ್ತಿಲ್ಲ. ಮಣ್ಣು ಮಾಡುವ ಖರ್ಚಿಗೆ, ಮೊದಲ ವಾರದ ಅಕ್ಕಿಗೆ ಆಗುವಷ್ಟು ಸಣ್ಣ ಸಹಾಯ ಅಂತ ಇಟ್ಟುಕೊಂಡರೆ ಅದು ನಡೆಯುತ್ತದೆ. ಅದನ್ನೇ ವಿಮೆ ಅಂತ ಹೇಳಿ ದೊಡ್ಡ ಮೊತ್ತದ ಮಾತು ಕೊಡುವಾಗ ಜಾಗ್ರತೆ ಬೇಕು.

ಈ ತಿಂಗಳ ಸಭೆಗೆ ಒಂದು ಕೆಲಸ. ನಿಮ್ಮ ಸಂಘದ ಅಥವಾ ಒಕ್ಕೂಟದ ಸದಸ್ಯರ ವಯಸ್ಸನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಐವತ್ತು ದಾಟಿದವರು ಈಗ ಎಷ್ಟು, ಹತ್ತು ವರ್ಷದ ನಂತರ ಎಷ್ಟಾಗುತ್ತಾರೆ ಅಂತ ಎಣಿಸಿ. ಮರಣ ನಿಧಿ ಶುರುವಾದಂದಿನಿಂದ ಎಷ್ಟು ಕುಟುಂಬಕ್ಕೆ ಎಷ್ಟು ಕೊಟ್ಟಿದ್ದೀರಿ ಅನ್ನೋದನ್ನು ಕ್ಯಾಶ್ ಪುಸ್ತಕದಿಂದ ತೆಗೆದು ಓದಿ ಹೇಳಿ. ಆಮೇಲೆ ಸೇರಿದ ಎಳೆಯ ಸದಸ್ಯೆಯರನ್ನೂ, ಮೊದಲಿನಿಂದ ಇರುವ ಹಿರಿಯ ಅಕ್ಕಂದಿರನ್ನೂ ಬೇರೆ ಬೇರೆ ಗುಂಪು ಮಾಡಿ ಕೂರಿಸಿ, ತಲಾ ಹತ್ತು ರೂಪಾಯಿ ಇನ್ನೂ ಎಷ್ಟು ವರ್ಷ ಸಾಕು ಅಂತ ಎರಡೂ ಗುಂಪನ್ನು ಕೇಳಿ. ಎರಡು ಉತ್ತರವನ್ನೂ ಠರಾವು ಪುಸ್ತಕದಲ್ಲಿ ಬರೆದು, ಮುಂದಿನ ಸಲ ನಾವು ಬಂದಾಗ ತೋರಿಸಿ.